ಚೀಲ ಇಡುವ ಅಂಗಡಿ

ಬೆಳ್ಮಣ್‌ನಿಂದ ಉಡುಪಿಗೆ ಬಂದರೆ ಅಮ್ಮ ಮೊದಲು ಹೋಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಪಾತ್ರೆ ಅಂಗಡಿಗೆ. "ಚೀಲ ಇಲ್ಲಿರಲಿ, ಈಗ ಬರ್ತೇವೆ" ಎಂದು ಹೇಳಿ, ನನ್ನನ್ನು ಎಳೆದುಕೊಂಡು ಪೇಟೆಯೆಲ್ಲ ಸುತ್ತುತ್ತಿದ್ದಳು. ಅವಳ 'ಈಗ' ಎಂದರೆ ಮೂರು ಗಂಟೆ. ಅಂಗಡಿಯವರು ನಮ್ಮ ಕೊಡೆ, ತೆಂಗಿನಕಾಯಿ ಮಾತ್ರವಲ್ಲ, ಒಮ್ಮೆ ಕಾಲು ಕಟ್ಟಿದ ಊರಕೋಳಿಯನ್ನೂ ಹಂಡೆಗಳ ನಡುವೆ ಇಟ್ಟು ನೋಡಿಕೊಂಡಿದ್ದರು.

ಈಗ ಅದೇ ಜಾಗದಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಉಂಟು. ಕಳೆದ ತಿಂಗಳು ಅಮ್ಮನ ಜೊತೆ ಹೋದಾಗ ಬಾಗಿಲಲ್ಲೇ ಸೆಕ್ಯೂರಿಟಿಯವನು, "ಚೀಲ ಇಲ್ಲಿಡಿ" ಎಂದು ಟೋಕನ್ ಕೊಟ್ಟ. ಅಮ್ಮನಿಗೆ ಬಹಳ ಸಂತೋಷವಾಯಿತು. "ನೋಡು, ಆ ಪದ್ಧತಿ ಇವರೂ ಬಿಟ್ಟಿಲ್ಲ" ಎಂದು ಚೀಲ ಕೊಟ್ಟವಳೇ, ಒಳಗೆ ಕಾಲಿಡದೆ ಸೀದಾ ಮೀನು ಮಾರ್ಕೆಟಿಗೆ ನಡೆದಳು.

ವಾಪಸು ಬಂದಾಗ ಅವನು, "ಎಂತ ಅಮ್ಮಾ, ಇಲ್ಲಿ ಏನೂ ತಗೊಳ್ಳಲಿಲ್ವಾ?" ಎಂದು ಕೇಳಿದ.

"ಮೊದಲಿನವರು ಹೀಗೆಲ್ಲ ಕೇಳ್ತಿರಲಿಲ್ಲ" ಎಂದು ಅಮ್ಮ ಸಿಡುಕಿದಳು.

ಎಂಥ ಒಳ್ಳೆಯ ಅಂಗಡಿ ಮುಚ್ಚಿಹೋಯಿತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಇಬ್ಬರೂ ಬೇಸರಪಟ್ಟೆವು. ಆ ಅಂಗಡಿಯಿಂದ ನಮ್ಮ ಮನೆಗೆ ಒಂದು ಚಮಚವೂ ಬಂದದ್ದಿಲ್ಲ.