ಕಚ್ಚಲಿಲ್ಲ, ಮುಟ್ಟಿತು

ಕಳೆದ ಜ್ಯೇಷ್ಠ ಮಾಸದ ಒಂದು ಗುರುವಾರ ಬೆಳಗ್ಗೆ, ಗಂಗಾನಗರದ ನನ್ನ ಪರೀಕ್ಷಾ ಕೇಂದ್ರದ ಗೇಟಿನ ಒಳಗೆ ಕಾಲಿಡುತ್ತಿದ್ದಾಗ ಜಾಲಹಳ್ಳಿಯಿಂದ ಅಮ್ಮನ ಫೋನ್ ಬಂತು. "ಎಂಚು ಎತ್ತಿಡ್ತಿದ್ದೆ, ಉಳ ಮುಟ್ತು ಕಣಮ್ಮ" ಎಂದಳು. ನನಗೆ ರೇಗಿತು. "ಅಮ್ಮಾ, ಪರೀಕ್ಷೆ ಇದೆ, ಅರಿಶಿನ ಹಚ್ಕೋ" ಎಂದು ಹೇಳಿ ಫೋನ್ ಆಫ್ ಮಾಡಿಬಿಟ್ಟೆ. ಭಕ್ತ ಬಂಧುಗಳೇ, ಈ ಅನುಭವವನ್ನು ನಾನು ಆ ನನ್ನ ಪಾಪದಿಂದಲೇ ಶುರುಮಾಡಬೇಕು.

ನನಗೆ ನಲವತ್ತನಾಲ್ಕು ವರ್ಷ. ಮನೆಯವರೆಲ್ಲ ನಗುತ್ತಿದ್ದರೂ ಹಟ ಹಿಡಿದು ನಮ್ಮ ಸೀಮೆಯ ಭಾಷೆ ಮತ್ತು ಸಂಸ್ಕೃತಿಯ ಮೇಲೆ ಎಂ.ಎ. ಓದುತ್ತಿದ್ದೇನೆ. ಜಾಲಹಳ್ಳಿ ಹಳೇ ಊರಿನ ಮಾತುಗಳನ್ನು ಬರೆದುಕೊಳ್ಳಲು ಅಮ್ಮನ ಮುಂದೆ ನೋಟುಪುಸ್ತಕ ಹಿಡಿದು ಕೂರುತ್ತಿದ್ದೆ. ತಮ್ಮ ಮಂಜು, "ಏನಕ್ಕಾ, ಅಮ್ಮ ಬೈಯೋದನ್ನೆಲ್ಲ ಬರ್ಕೊಂಡು ಪಾಸ್ ಮಾಡ್ತೀಯಾ?" ಎಂದು ರೇಗಿಸುತ್ತಿದ್ದ. ಅವನು ಬಿಲ್ಡರ್. ಹಳೇ ದನದ ಕೊಟ್ಟಿಗೆ ಕೆಡವಿಸಿ ಪಿ.ಜಿ. ಹಾಸ್ಟೆಲ್ ಕಟ್ಟಿಸಲು ಹೊರಟಿದ್ದ. ಅದರ ಹೆಂಚಿನ ರಾಶಿಯನ್ನು ಅಮ್ಮ ಆ ಗುರುವಾರ ಬೆಳಗ್ಗೆಯಿಂದ ಒಂದೊಂದಾಗಿ ಎತ್ತಿಡುತ್ತಿದ್ದಳು.

ಆ ದಿನದ ಪೇಪರಿನಲ್ಲಿ ಜನರು ಬಾಯಿಬಿಟ್ಟು ಹೇಳದ ಪದಗಳ ಬಗ್ಗೆಯೇ ಒಂದು ಪ್ರಶ್ನೆ ಇತ್ತು. ನಾಲ್ಕು ಪುಟ ಬರೆದೆ. ಒಳ್ಳೆಯ ಉತ್ತರ ಎಂದು ಬೀಗಿದೆ ಕೂಡ. ಹೊರಗೆ ಬಂದು ಫೋನ್ ಆನ್ ಮಾಡಿದರೆ ಮಂಜುವಿನ ಹದಿನಾಲ್ಕು ಮಿಸ್ಡ್ ಕಾಲ್.

"ಅಕ್ಕಾ, ಅಮ್ಮಂಗೆ ಏನೋ ಹುಳ ಕಚ್ಚಿದೆ. ಅಲರ್ಜಿ ಅಂತೆ. ಇಂಜೆಕ್ಷನ್ ಕೊಟ್ಟಿದಾರೆ. ಆದ್ರೆ ಕಣ್ಣೇ ಬಿಡ್ತಿಲ್ಲ ಕಣೇ, ಬೇಗ ಬಾ."

ಹೆಬ್ಬಾಳದಲ್ಲಿ ಬಸ್ ಬದಲಿಸಿದೆ. ರಿಂಗ್ ರೋಡಿನಲ್ಲಿ ಬಸ್ ನಿಂತೇಬಿಟ್ಟಿತು. ಕೈಯಲ್ಲಿ ಪ್ರಶ್ನೆಪತ್ರಿಕೆ ಇನ್ನೂ ಇತ್ತು, ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋ ಹಿಡಿದು ಅಮ್ಮನನ್ನು ಸೇರಿಸಿದ್ದ ನರ್ಸಿಂಗ್ ಹೋಂ ತಲುಪುವಾಗ ಎರಡೂವರೆ ದಾಟಿತ್ತು.

ಅಮ್ಮನ ರೆಪ್ಪೆಗಳು ಜೋತುಬಿದ್ದಿದ್ದವು. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಏನೋ ಹೇಳಲು ನೋಡಿದಳು, ನಾಲಿಗೆ ಹೊರಳಲಿಲ್ಲ. ಹುಳ ಕಚ್ಚಿದ್ದು ಇಲ್ಲೇ ಎಂದು ಮಂಜು ತೋರಿಸಿದ ಪಾದದ ಮೇಲೆ ಸೂಜಿ ಚುಚ್ಚಿದಷ್ಟೂ ಗುರುತಿರಲಿಲ್ಲ. "ವಯಸ್ಸಾಗಿದೆಯಲ್ಲಮ್ಮ, ಇಂಜೆಕ್ಷನ್ನಿಗೆ ಮಂಪರು ಬಂದಿರುತ್ತೆ" ಎಂದರು ನರ್ಸ್. ಮಂಪರಿನಲ್ಲಿರುವವರು ಹಾಗೆ ಉಸಿರಿಗೆ ಒದ್ದಾಡುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಆದರೆ ಏನು ಹೇಳಲಿ? ಅಮ್ಮ ನನ್ನ ಕಣ್ಣೆದುರೇ ಹೋಗುತ್ತಿದ್ದಳು.

ಕಾರಿಡಾರಿನ ಗೋಡೆಗೆ ಹಣೆ ಇಟ್ಟು ನಮ್ಮ ಅರಳಿಕಟ್ಟೆಯ ನಾಗಪ್ಪನನ್ನು ಕರೆದೆ. ಪ್ರಾರ್ಥನೆಗೆ ಮಾತೇ ಬರಲಿಲ್ಲ. ಕೊನೆಗೆ, ನಾಗರಕಲ್ಲಿಗೆ ಹಾಲೆರೆಯುವಾಗ ಅಮ್ಮ ಹೇಳುವ ಮಾತೇ ನನ್ನ ಬಾಯಿಗೆ ಬಂತು: "ಮುಟ್ಟಬ್ಯಾಡ ನಮ್ಮಪ್ಪಾ. ನಿನ್ ದಾರಿ ನಿಂಗೆ, ನಮ್ ದಾರಿ ನಮ್ಗೆ." ಒಂದು ಸಲ ಹೇಳಿದೆ. ಇನ್ನೊಂದು ಸಲ "ಮುಟ್ಟಬ್ಯಾಡ" ಎನ್ನುತ್ತಲೇ ಗೋಡೆಯಿಂದ ಹಣೆ ಎತ್ತಿದೆ. ಬೆಳಗ್ಗೆ ಅಮ್ಮ ಕಚ್ತು ಅಂದಿರಲಿಲ್ಲ. ಮುಟ್ತು ಅಂದಿದ್ದಳು!

ಓಡಿಹೋಗಿ ಡ್ಯೂಟಿ ಡಾಕ್ಟರ ಕೈ ಹಿಡಿದುಕೊಂಡೆ. "ಸರ್, ಹಾವು ಸರ್!"

"ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ಅಮ್ಮ ಮುಟ್ತು ಅಂದ್ಳು. ಇರುವೆ, ಚೇಳು ಏನೇ ಆಗಿದ್ರೂ ಕಚ್ತು ಅಂತಿದ್ಳು ಸರ್. ನಮ್ಮವರು ಹಾವಿಗೆ ಮಾತ್ರ ಹುಳ ಮುಟ್ತು ಅನ್ನೋದು. ಅದರ ಹೆಸರೆತ್ತಲ್ಲ."

ಇವಳಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿದರು. ಆದರೂ ಬಂದರು, ಪುಣ್ಯಾತ್ಮ. ಅಮ್ಮನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಬಿಟ್ಟರು, ಅದು ಮತ್ತೆ ಬಿತ್ತು. ಕತ್ತು ಎತ್ತಿ ಎಂದರು, ಅಮ್ಮನಿಂದ ಆಗಲಿಲ್ಲ. ಅವರ ಮುಖವೇ ಬದಲಾಯಿತು. "ಆಂಬುಲೆನ್ಸ್ ಕರೀರಿ, ಈಗಲೇ" ಎಂದು ಕೂಗಿದರು.

ದೊಡ್ಡಾಸ್ಪತ್ರೆಯಲ್ಲಿ ವಿಷ ಇಳಿಸುವ ಔಷಧಿ ಹತ್ತಿಸುವಷ್ಟರಲ್ಲಿ ಅಮ್ಮನ ಉಸಿರು ನಿಲ್ಲುವುದರಲ್ಲಿತ್ತು. ಒಂಬತ್ತು ದಿನ ವೆಂಟಿಲೇಟರ್. "ಭರವಸೆ ಕೊಡೋಕಾಗಲ್ಲ" ಎಂಬ ಮಾತನ್ನು ದಿನಾ ಕೇಳಿದೆವು. ದೊಡ್ಡಾಸ್ಪತ್ರೆಗೆ ಸೇರಿಸಿದ ಮಾರನೆಯ ದಿನವೇ ಹಾವು ಹಿಡಿಯುವವರು ಬಂದು ಅದೇ ಹೆಂಚಿನ ರಾಶಿಯಿಂದ ಮೊಳದುದ್ದದ, ಕಚ್ಚಿದ ಗುರುತೂ ಉಳಿಸದ ಕಟ್ಟು ಹಾವನ್ನು ತೆಗೆದರು. ಅದರ ಫೋಟೋ ನೋಡಿ ಮಂಜು ಐಸಿಯು ಬಾಗಿಲಲ್ಲೇ ಕುಸಿದು ಕೂತು ಅತ್ತ. ನಾನು ಅಳಲಿಲ್ಲ. ನನಗೇ ತಾನೆ ಅವಳು ಮೊದಲು ಹೇಳಿದ್ದು?

ಉಳಿದ ಎರಡು ಪೇಪರ್ ಬರೆಯಲಿಲ್ಲ. ಮುಂದಿನ ಸಲ ಬರೆಯುತ್ತೇನೆ. "ನಿನ್ನ ಓದೇ ಅಮ್ಮನ್ನ ಉಳಿಸಿದ್ದು ಅಕ್ಕಾ" ಎಂದು ಮಂಜು ಈಗ ಎಲ್ಲರ ಮುಂದೆ ಹೇಳುತ್ತಾನೆ. ಆ ಓದು ಬೆಳಗ್ಗೆ ಗೇಟಿನ ಹತ್ತಿರವೂ ನನ್ನ ತಲೆಯಲ್ಲೇ ಇತ್ತಲ್ಲ! ಆಗ ಅದು ಯಾವ ಕೆಲಸಕ್ಕೂ ಬರಲಿಲ್ಲ. ಮುಚ್ಚಿದ್ದ ನನ್ನ ಕಿವಿಯನ್ನು ಆ ಗೋಡೆಯ ಹತ್ತಿರ ತೆರೆದವನು ನಾಗಪ್ಪ. ಇದನ್ನು ಯಾರು ಏನೇ ಅಂದರೂ ನಾನು ಬಿಟ್ಟುಕೊಡುವುದಿಲ್ಲ.

ಅಮ್ಮ ಮನೆಗೆ ಬಂದಳು. ಗಂಟಲಿಗೆ ನಳಿಕೆ ಹಾಕಿದ್ದರಿಂದ ದನಿ ಒಡೆದಿದೆ, ಮೊದಲಿನಂತೆ ಕೂಗಿ ಕರೆಯಲಾರಳು. ಒಂದು ದಿನ ಗಂಜಿ ಕುಡಿಸುತ್ತಾ ತಡೆಯಲಾರದೆ ಕೇಳಿಬಿಟ್ಟೆ. "ಸಾಯೋ ಹೊತ್ತಲ್ಲೂ ಹಾವು ಅಂತ ಒಂದು ಮಾತು ಬಾಯಿಬಿಟ್ಟು ಹೇಳಬಾರದಾಗಿತ್ತಾ? ಹೇಳಿದ್ರೆ ನಾನು ಪರೀಕ್ಷೆ ಬಿಟ್ಟು ಓಡಿ ಬರ್ತಿರಲಿಲ್ವಾ?"

ಅಮ್ಮ ಮಂಜುವಿನ ಮೂರು ವರ್ಷದ ಮಗಳ ಕಡೆ ನೋಡಿದಳು.

"ಅದಿನ್ನೂ ಎಂಚಿನ್ ಸಂದೀಲೇ ಇತ್ತು ಕಣಮ್ಮ. ಇವ್ಳು ಅಲ್ಲೇ ಬರಿಗಾಲಲ್ಲಿ ನಿಂತಿದ್ಳು. ಎಸ್ರಿಡಿದು ಕರದ್ರೆ ಈಚಿಗೆ ಬಂದ್ಬುಟ್ರೆ? ಇವ್ಳನ್ ಎತ್ಕೊಂಡು ಒಳಿಕ್ ಬಿಟ್ಟು, ಬಾಗ್ಲಾಕಿ, ಆಮ್ಯಾಕೆ ನಿಂಗೆ ಪೋನ್ ಮಾಡ್ದೆ. ಒಳಗಿದ್ರೂ ಅದ್ರ ಎಸ್ರು ಬಾಯಿಗ್ ಬರ್ಲಿಲ್ಲ."

ಗಂಜಿಯ ಲೋಟ ಕೆಳಗಿಟ್ಟು ಅಲ್ಲೇ ಅವಳ ಕಾಲಿಗೆ ಬಿದ್ದೆ. ವಿಷ ಏರುತ್ತಿದ್ದ ಮೈಯಲ್ಲಿ ಮಗುವನ್ನು ಎತ್ತಿಕೊಂಡು ಓಡಿದ ಈ ತಾಯಿಯನ್ನು ನಮಗೆ ವಾಪಸ್ಸು ಕೊಟ್ಟ ನಾಗಪ್ಪಸ್ವಾಮಿಗೆ ನಾನು ಬದುಕಿರುವವರೆಗೂ ಋಣಿ.