ಫಿಜಾ ಇಟ್ಟ ಎರಡು ಬಾಗಿಲು

ಫಿಜಾ ನಮ್ಮ ಪಕ್ಕದ ಮನೆಯ ಏಜಾಜ್ ಅಹಮದ್ ಅವರ ದೊಡ್ಡ ಮಗಳು. ತುಮಕೂರಿನಲ್ಲೇ ಹುಟ್ಟಿದಳು, ತುಮಕೂರಿನಲ್ಲೇ ಕಟ್ಟಡದ ಓದು ಓದಿದಳು. ಅವಳಪ್ಪನಿಗೆ ಪೈಪು, ನಲ್ಲಿ ಮಾರುವ ಅಂಗಡಿ. ನಮ್ಮ ಯಜಮಾನರು ಶಿವರಾಮಯ್ಯ, ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರು ಅವಳನ್ನು ಇಂಜಿನಿಯರಮ್ಮ ಅನ್ನುತ್ತಿದ್ದರು. ಅವಳು ಪ್ರತಿ ಸಲವೂ ತಿದ್ದುತ್ತಿದ್ದಳು, ಇಂಜಿನಿಯರ್ ಅಲ್ಲ ಅಂಕಲ್, ಆರ್ಕಿಟೆಕ್ಟ್ ಅಂತ. ಇವರು ಹೌದೌದು ಅಂದು ಮಾರನೇ ದಿನ ಮತ್ತೆ ಇಂಜಿನಿಯರಮ್ಮ ಅನ್ನುತ್ತಿದ್ದರು. ಬೇಕಂತಲೇ. ಈಗ ಹಾಗೆ ಕರೆಯುವವರಿಲ್ಲ.

ಅವಳ ಬ್ಯಾಗಿನಲ್ಲಿ ಯಾವಾಗಲೂ ಒಂದು ಟೇಪು. ಅವಳು ಅಳೆಯದ ವಸ್ತು ನಮ್ಮ ಬೀದಿಯಲ್ಲಿಲ್ಲ. ನಮ್ಮ ಜಗಲಿ ಅಳೆದಳು. ಹೂವಿನವಳ ತಳ್ಳುಗಾಡಿ ಅಳೆದಳು. ಯಡಿಯೂರಿಗೆ ಹೋದಾಗ ನಾನು ಸ್ವಾಮಿಗೆ ಕೈ ಮುಗಿದು ಬರುವಷ್ಟರಲ್ಲಿ ಊಟದ ಸಾಲಿನವರನ್ನೆಲ್ಲ ಅಳೆದು ಮುಗಿಸಿದ್ದಳು. ಒಂದು ಮದುವೆಯಲ್ಲಿ ಭದ್ರಮ್ಮ ಊಟಕ್ಕೆ ಕೂತಿದ್ದಾಗ ಹಿಂದಿನಿಂದ ಹೋಗಿ ಅವಳ ಅಗಲ ತೆಗೆದಳು. ಭದ್ರಮ್ಮ ಎದುರುಮನೆಯವಳು. ಗುಬ್ಬಿಯ ಹೆಣ್ಣು. ಬೀದಿಯ ಹೆಂಗಸರು ಅವಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ತಿರುಗಿ ನೋಡಿ ಏನೇ ಅದು ಎಂದಳು.

"ಸೆರಗು ಜಾರಿತ್ತು ಆಂಟಿ, ಸರಿ ಮಾಡ್ದೆ."

ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು, ಒಬ್ಬರು ಕೂರಲು ಪುಸ್ತಕದಲ್ಲಿ ಹೇಳಿರುವ ಜಾಗ ಭದ್ರಮ್ಮ ಆಂಟಿಗೆ ಸಾಲುವುದಿಲ್ಲ ಅಂತ.

ಹೋದ ವರ್ಷ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಅಷ್ಟೇ.

ಹನ್ನೊಂದನೇ ದಿನದ ಕಾರ್ಯಕ್ಕೆ ಊಟ ಹಾಕಿಸಬೇಕಿತ್ತು. ಹತ್ತಿರದ ಛತ್ರದವರನ್ನು ಕೇಳಿದರೆ ಕೊಡಲಿಲ್ಲ. ಸಾವಿನ ಊಟ ಆದ ಛತ್ರವನ್ನು ಮದುವೆಯವರು ಮುಟ್ಟುವುದಿಲ್ಲ. ನನಗೂ ಅದು ಗೊತ್ತು. ಬೀದಿಯಲ್ಲೇ ಶಾಮಿಯಾನ ಹಾಕಿಸಿದೆವು. ಎಲೆಗೆ ಅನ್ನ ಬಿದ್ದು ಸಾರು ಬಡಿಸುತ್ತಿದ್ದರು, ನೀರಿನ ಟ್ಯಾಂಕರ್ ಬಂತು. ಡ್ರೈವರ್ ಹಾರನ್ ಹೊಡೆದ. ಜನ ಎಲೆ ಎತ್ತಿಕೊಂಡು, ಮೊಣಕೈವರೆಗೆ ಸಾರು ಸುರಿಸಿಕೊಂಡು, ಗೋಡೆಗೆ ಅಂಟಿ ನಿಂತರು. ಟೇಬಲ್ ಮಡಚಿದರೂ ಟ್ಯಾಂಕರ್ ನುಗ್ಗಲಿಲ್ಲ. ಹಿಂದಕ್ಕೂ ಹೋಗಲಿಲ್ಲ. ಕೊನೆಗೆ ಡ್ರೈವರ್ ಇಳಿದು ಅವನೂ ಊಟಕ್ಕೆ ಕೂತ. ಎಲ್ಲರೂ ಟ್ಯಾಂಕರಿನ ನಲ್ಲಿಯಲ್ಲೇ ಕೈ ತೊಳೆದರು. ಇದನ್ನು ಇವರು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಹೇಳೋಣ ಅಂತ ಒಳಗೆ ಹೋದೆ. ಫೋಟೋಗೆ ಹಾರ ಹಾಕಿತ್ತು.

ಅವತ್ತು ಫಿಜಾ ನೀರು ಬಡಿಸುತ್ತಿದ್ದಳು. ಜಗ್ ಕೆಳಗಿಟ್ಟು ಬೀದಿಯ ಕೊನೆಗೆ ಹೋಗಿ ನಿಂತಳು. ಅಲ್ಲಿ ಎರಡು ರಸ್ತೆ ಸೇರುವ ಮೂಲೆಯಲ್ಲಿ ನಗರಪಾಲಿಕೆಯ ಖಾಲಿ ಜಾಗ ಇದೆ. ಕಸ ಹಾಕುತ್ತೇವೆ, ಸ್ಕೂಟರ್ ನಿಲ್ಲಿಸುತ್ತೇವೆ. ಅದನ್ನೇ ನೋಡುತ್ತಿದ್ದಳು.

ಅವಳ ಓದಿನ ಕೊನೇ ವರ್ಷ ಅದು. ಊರ ಜನಕ್ಕೆ ಆಗುವಂಥ ಒಂದು ಕಟ್ಟಡ ಯೋಚಿಸಿ, ನಕ್ಷೆ ಬರೆದು, ರಟ್ಟಿನಲ್ಲಿ ಮಾದರಿ ಮಾಡಿ ತೋರಿಸಬೇಕು. ಮೊದಲು ಅವಳು ಗಾಜಿನದೊಂದು ಬರೆದಿದ್ದಳಂತೆ. ಸೋಮಶೇಖರ್ ಅಂತ ಅವರ ಮೇಷ್ಟ್ರು, ಇಲ್ಲಿಗೆ ಯಾರು ಬರ್ತಾರೆ ಅಂತ ಕೇಳಿದರಂತೆ. ಸಮುದಾಯದವರು ಅಂದಳಂತೆ. ಅವರ ಮನೆ ಎಲ್ಲಿದೆ ಅಂತ ಕೇಳಿದರಂತೆ. ನಕ್ಷೆ ಸುತ್ತಿಕೊಂಡು ಬಂದಳು. ಟ್ಯಾಂಕರ್ ಆದ ಮೇಲೆ ಗಾಜು ಬಿಟ್ಟು ಮೂಲೆ ಜಾಗದಲ್ಲಿ ಒಂದು ಹಾಲ್ ಬರೆದಳು. ನಮ್ಮ ಬೀದಿಯ ಮದುವೆಗೂ ಅದೇ, ಸಾವಿಗೂ ಅದೇ. ಸೋಮಶೇಖರ್ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಪರೀಕ್ಷೆಯ ದಿನ ಬೀದಿಯವರೇ ಬಂದು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ, ನಾವು ಇದನ್ನು ಬಳಸ್ತೀವಿ ಅಂತ ಹೇಳಬೇಕು. ಇಲ್ಲದಿದ್ದರೆ ಒಂದು ವರ್ಷ ಹೋಯಿತು.

ವರ್ಷ ಹೋಗುವುದು ಒಂದು ಕಡೆ ಇರಲಿ. ಅವಳ ತಂಗಿ ಐಮನ್ ಅದೇ ಕಾಲೇಜಿನಲ್ಲಿ ಒಂದು ಕ್ಲಾಸು ಕೆಳಗೆ ಓದುತ್ತಿದ್ದಳು. ಫೇಲಾದರೆ ಅಕ್ಕ ತಂಗಿ ಒಂದೇ ಕ್ಲಾಸು. ಐಮನ್ ಆಗಲೇ, ಬಾ ಬಾ, ನನ್ನ ನೋಟ್ಸ್ ಕೊಡ್ತೀನಿ ಅನ್ನಲು ಶುರು ಮಾಡಿದ್ದಳು.

ಒಂದು ಭಾನುವಾರ ಫಿಜಾ ಬೀದಿಯವರನ್ನೆಲ್ಲ ನಮ್ಮ ಮನೆಗೆ ಸೇರಿಸಿದಳು. ಕಾಫಿ ಕೊಟ್ಟೆ. ನಕ್ಷೆ ಬಿಡಿಸಿ, ಮದುವೆಗೂ ಸಾವಿಗೂ ಒಂದೇ ಹಾಲ್ ಅಂದಳು. ಭದ್ರಮ್ಮ ಅರ್ಧ ಕಾಫಿ ಅಲ್ಲೇ ಇಟ್ಟಳು. ಅವಳ ಮಗಳು ಕೃತಿಕಾಗೆ ಗಂಡು ನೋಡುತ್ತಿದ್ದ ಸಮಯ. ಹೆಣದ ಊಟ ಆದ ಕಡೆ ನನ್ನ ಮಗಳ ಕಾರ್ಯವಾ ಅಂತ ಎದ್ದಳು. ಚನ್ನವೀರಯ್ಯನವರು ರಿಟೈರಾದ ಮೇಷ್ಟ್ರು, ಕುಣಿಗಲ್ ಕಡೆಯವರು. ಬೀದಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ಮಾಡಿಸುವವರು ಅವರೇ. ಅವರೂ ಎದ್ದರು. ನಗುವವರ ಮನೆಗೆ ಅಳುವವರು ಹೋಗಬಾರದು ಮಗೂ ಅಂದರು. ಬೀದಿಯೇ ಎದ್ದು ಹೋಯಿತು. ಕಾಫಿ ಮಾತ್ರ ಮೇಷ್ಟ್ರು ಪೂರ್ತಿ ಕುಡಿದಿದ್ದರು.

ಮಾರನೇ ಬೆಳಿಗ್ಗೆ ಫಿಜಾ ಮುಖ ಊದಿಸಿಕೊಂಡು ನಮ್ಮ ಜಗಲಿಯ ಮೇಲೆ ಕೂತಿದ್ದಳು. ನಾನು ಬೀದಿ ನಲ್ಲಿಯಿಂದ ಕೊಡ ತುಂಬಿಸಿಕೊಂಡು ಬರುತ್ತಿದ್ದೆ. ಎದುರುಮನೆ ಬಾಗಿಲು ತೆರೆಯಿತು. ಭದ್ರಮ್ಮ ರೇಷ್ಮೆ ಸೀರೆ ಉಟ್ಟು, ಹಣ್ಣಿನ ತಟ್ಟೆ ಹಿಡಿದು, ಗುಬ್ಬಿಗೆ ಗಂಡಿನ ಮನೆ ನೋಡಲು ಹೊರಟಿದ್ದಳು. ನನ್ನನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಪಕ್ಕದ ಓಣಿಯಿಂದ ಅದೇ ಸೀರೆ, ಅದೇ ತಟ್ಟೆ ಹೊರಗೆ ಬಂತು.

ಏನಾಯ್ತು ಆಂಟಿ ಅಂತ ಫಿಜಾ ಕೇಳಿದಳು. ಹೇಳಿದೆ. ಒಳ್ಳೆ ಕೆಲಸಕ್ಕೆ ಹೊರಟಾಗ ಗಂಡ ಸತ್ತವಳು ಎದುರು ಬರಬಾರದು. ಭದ್ರಮ್ಮ ಬೈಯುವುದಿಲ್ಲ. ಹಿಂದಿನ ಬಾಗಿಲಲ್ಲಿ ಹೊರಡುತ್ತಾಳೆ. ಸಂಜೆ ಹುಳಿ ತಂದು ಕೊಡುತ್ತಾಳೆ. ತುಂಬಿದ ಕೊಡ ಒಳ್ಳೆ ಶಕುನ, ಹೊತ್ತವಳು ಕೆಟ್ಟ ಶಕುನ. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕು ಅಂತ ಅವಳಿಗೂ ಗೊತ್ತಿಲ್ಲ, ಪಾಪ.

ಫಿಜಾಗೆ ಮೊದಲು ಸಿಟ್ಟು ಬಂತು. ಆಮೇಲೆ ಓಣಿಯ ಕಡೆ ನೋಡಿದಳು. ಭದ್ರಮ್ಮನ ಮುಂಬಾಗಿಲು ನೋಡಿದಳು. ಟೇಪು ತೆಗೆದಳು.

"ಆಂಟಿ, ಮನೆ ಅದೇ. ಅಪಶಕುನ ಮುಂಬಾಗಿಲಿಗೆ ಮಾತ್ರ ಅಲ್ವಾ?"

ಹೂಂ ಅಂದೆ. ಎದ್ದು ಓಡಿದಳು.

ರಟ್ಟು ಕತ್ತರಿಸಿ ಅಂಟಿಸಿ ಮಾದರಿ ಮಾಡಿದಳು. ಹಾಲ್ ಅದೇ. ಒಂದು ರಸ್ತೆಗೆ ಒಂದು ಬಾಗಿಲು, ಅದರ ಮೇಲೆ ಸಂತೋಷ ಭವನ ಅಂತ ಬೋರ್ಡು. ಇನ್ನೊಂದು ರಸ್ತೆಗೆ ಇನ್ನೊಂದು ಬಾಗಿಲು, ಅದಕ್ಕೆ ಶಾಂತಿ ಭವನ ಅಂತ ಬೋರ್ಡು. ಎರಡಕ್ಕೂ ಬೇರೆ ಜಗಲಿ, ಬೇರೆ ಮೆಟ್ಟಿಲು. ಅಡುಗೆಮನೆ ಒಂದು ಪಕ್ಕಕ್ಕೆ. ಮೇಲೆ ಸೂರು, ಬೇಕಾದಾಗ ತೆಗೆದು ಇಡುವಂಥದ್ದು.

ಗುರುವಾರ ಭದ್ರಮ್ಮನನ್ನೂ ಹೆಂಗಸರನ್ನೂ ಕರೆದೆ. ಮಾದರಿಯನ್ನು ನಮ್ಮ ಹಜಾರದ ಮೂಲೆಯಲ್ಲಿ, ಶಾಂತಿ ಭವನ ಗೋಡೆಗೆ ತಾಗುವಂತೆ ಇಟ್ಟಿದ್ದೆವು. ಸಂತೋಷ ಭವನ ಮಾತ್ರ ಕಾಣುತ್ತಿತ್ತು. ಭದ್ರಮ್ಮ ಬಗ್ಗಿ ನೋಡಿ, ಹೆಣ್ಣಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ ಬೇಕು ಅಂದಳು. ಫಿಜಾ ಬರೆದುಕೊಂಡಳು. ಶನಿವಾರ ಮಾದರಿ ತಿರುಗಿಸಿ ಮೇಷ್ಟ್ರನ್ನೂ ಗಂಡಸರನ್ನೂ ಕರೆದೆ. ಮೇಷ್ಟ್ರು ಬಾಗಿಲ ಹೊರಗೆ ಕಾಲು ತೊಳೆಯಲು ನಲ್ಲಿಗಳ ಸಾಲು ಬೇಕು ಅಂದರು. ಅದನ್ನೂ ಬರೆದುಕೊಂಡಳು. ಏಜಾಜ್ ಅಹಮದ್ ಕೂತಲ್ಲೇ, ನಲ್ಲಿ ನಮ್ಮ ಅಂಗಡಿಯಲ್ಲೇ ತಗೋಬಹುದು ಅಂದರು. ಬರಿ ರಟ್ಟು ಅದು. ವ್ಯಾಪಾರಸ್ಥರ ಬುದ್ಧಿ.

ನಾವು ಸುಳ್ಳು ಹೇಳಲಿಲ್ಲ. ಹಿಂದೆ ಏನಿದೆ ಅಂತ ಕೇಳಿದ್ದರೆ ಫಿಜಾ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

ಪರೀಕ್ಷೆಯ ದಿನ ಎಲ್ಲರೂ ಆಟೋದಲ್ಲಿ ಕಾಲೇಜಿಗೆ ಹೋದೆವು. ಅಲ್ಲಿ ನೋಡಿದರೆ ಮಾದರಿಯನ್ನು ದೊಡ್ಡ ಕೋಣೆಯ ನಟ್ಟನಡುವೆ ಟೇಬಲ್ ಮೇಲೆ ಇಟ್ಟಿದ್ದಾರೆ. ಗೋಡೆ ಇಲ್ಲ, ಮೂಲೆ ಇಲ್ಲ. ನಾನು ಹೆಂಗಸರನ್ನು ಸಂತೋಷ ಭವನದ ಕಡೆ ತಳ್ಳಿದೆ, ಗಂಡಸರನ್ನು ಶಾಂತಿ ಭವನದ ಕಡೆ ನಿಲ್ಲಿಸಿದೆ. ಭದ್ರಮ್ಮ ಅತ್ತಿತ್ತ ಕದಲದ ಹಾಗೆ ಅವಳ ಪಕ್ಕ ನಾನೇ ನಿಂತೆ.

ಹೊರಗಿನಿಂದ ಬಂದಿದ್ದವರು ಶಶಿಕಲಾ ಅಂತ ಒಬ್ಬ ಮೇಡಂ. ಭದ್ರಮ್ಮನನ್ನು, ನಿಮ್ಮ ಮನೆ ಮದುವೆ ಇಲ್ಲಿ ಮಾಡ್ತೀರಾ ಅಂತ ಕೇಳಿದರು. ಕನ್ನಡಿ ಇದ್ದರೆ ಮಾಡ್ತೀವಿ ಅಂದಳು. ಚನ್ನವೀರಯ್ಯ ಮೇಷ್ಟ್ರನ್ನು ಕೇಳಿದರು. ಸತ್ತವರಿಗೆ ಮರ್ಯಾದೆಯಿಂದ ಊಟ ಹಾಕಲು ಒಂದು ಜಾಗ ಬೇಕೇ ಬೇಕು ಅಂತ ಅವರು ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ ಹೇಳಿದರು. ಫಿಜಾ ಉಸಿರು ಬಿಟ್ಟಳು. ಆಗ ಮೇಡಂ ಎರಡೂ ಕೈ ಚಾಚಿ ಸೂರು ಎತ್ತಿಬಿಟ್ಟರು.

ಎಲ್ಲರೂ ಬಗ್ಗಿದರು. ಒಳಗೆ ಒಂದೇ ಹಾಲ್. ಈ ಬಾಗಿಲಿನಿಂದ ಆ ಬಾಗಿಲು ಕಾಣುತ್ತಿತ್ತು. ಆ ಬಾಗಿಲಿನ ಆಚೆಯಿಂದ ಚನ್ನವೀರಯ್ಯ ಮೇಷ್ಟ್ರು ಇಣುಕುತ್ತಿದ್ದರು, ಈಚೆಯಿಂದ ಭದ್ರಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಫಿಜಾ ಕಣ್ಣು ಮುಚ್ಚಿಕೊಂಡಳು. ಕೋಣೆಯ ಬಾಗಿಲ ಹತ್ತಿರ ನಿಂತಿದ್ದ ಐಮನ್ ತನ್ನ ನೋಟ್ಸಿನ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

ಒಳಗೆ ಇರೋದು ಒಂದೇ ಹಾಲ್, ಇದು ನಿಮಗೆ ಗೊತ್ತಿತ್ತಾ ಅಮ್ಮಾ ಅಂತ ಮೇಡಂ ಕೇಳಿದರು.

ಭದ್ರಮ್ಮ ನನ್ನನ್ನು ನೋಡಿದಳು. ಫಿಜಾಳನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಅದ್ಯಾಕ್ ಮೇಡಂ ಸೂರು ತೆಗೀತೀರ? ಮುಚ್ಚಿ. ನಾವೇನ್ ಸೂರ್ ಕಿತ್ಕೊಂಡು ಒಳಕ್ಕೆ ಇಳೀತೀವಾ? ಬಾಗಿಲಲ್ಲಿ ಹೋಗ್ತೀವಿ. ನಮ್ ಬಾಗ್ಲು ಬೇರೆ, ಅವ್ರ್ ಬಾಗ್ಲು ಬೇರೆ."

ಮೇಷ್ಟ್ರು ಕೆಮ್ಮಿದರು. ನಡುವೆ ಒಂದು ದಿನ ಬಿಟ್ಟು ನೀರು ಹಾಕಿ ತೊಳೆಯಬೇಕಾಗುತ್ತೆ ಅಂದರು.

"ನೆಲ ಇಳಿಜಾರು ಮಾಡಿದೀನಿ ಸರ್. ನೀರು ತಾನೇ ಹೋಗುತ್ತೆ."

"ಯಾವ ಕಡೆಗೆ ಹೋಗುತ್ತೆ?"

"ನಿಮ್ ನೀರು ನಿಮ್ ಬಾಗಿಲಿಗೆ, ಅವರ ನೀರು ಅವರ ಬಾಗಿಲಿಗೆ."

ಮೇಷ್ಟ್ರು ತಲೆ ಆಡಿಸಿದರು. ಮೇಡಂ ಸೂರು ಮುಚ್ಚಿದರು. ಸೋಮಶೇಖರ್ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು.

ಫಿಜಾ ಪಾಸಾದಳು. ಈಗ ಊರಿನಲ್ಲೇ ಒಂದು ಆಫೀಸಿನಲ್ಲಿ ನಕ್ಷೆ ಬರೆಯುತ್ತಾಳೆ. ಮೂಲೆ ಜಾಗದಲ್ಲಿ ಈಗಲೂ ಕಸ, ಸ್ಕೂಟರ್. ಕಟ್ಟಿಸುವವರು ಯಾರೂ ಬಂದಿಲ್ಲ. ಮಾದರಿ ನಮ್ಮ ಮನೆಯಲ್ಲಿದೆ, ಅವರ ಮನೆಯಲ್ಲಿ ಇಡಲು ಜಾಗ ಇಲ್ಲವಂತೆ. ಇವರ ಫೋಟೋದ ಕೆಳಗಿನ ಸ್ಟೂಲ್ ಮೇಲೆ ಇಟ್ಟಿದ್ದೇನೆ. ಶಾಂತಿ ಭವನ ಇವರ ಕಡೆ ಇರಲಿ ಅಂತ ಇಡುತ್ತೇನೆ. ಫಿಜಾ ಬಂದಾಗೆಲ್ಲ ಸಂತೋಷ ಭವನ ಇವರ ಕಡೆ ತಿರುಗಿಸಿ ಹೋಗುತ್ತಾಳೆ. ಅಂಕಲ್ ಈ ಬಾಗಿಲವರು ಅನ್ನುತ್ತಾಳೆ. ಅದೂ ನಿಜವೇ.

ಮೊನ್ನೆ ಕೃತಿಕಾಳ ನಿಶ್ಚಿತಾರ್ಥ ಗುಬ್ಬಿಯಲ್ಲಿ ಆಯಿತು. ಬೆಳಿಗ್ಗೆ ಬೀದಿಯಲ್ಲಿ ಮಿನಿಬಸ್ಸಿನಂಥ ಗಾಡಿ ಬಂದು ನಿಂತಿತ್ತು. ನಾನು ಹೊರಗೆ ಬರದೆ ಒಳಗೇ ಅಕ್ಕಿ ಆರಿಸುತ್ತಿದ್ದೆ. ಹಿತ್ತಲ ಬಾಗಿಲು ಬಡಿಯಿತು. ತೆಗೆದರೆ ಭದ್ರಮ್ಮ, ರೇಷ್ಮೆ ಸೀರೆಯಲ್ಲಿ.

"ಸಿದ್ಗಂಗಕ್ಕ, ಸೀರೆ ಬದಲಾಯಿಸ್ಕೊಂಡು ಹಿತ್ತಲಿಂದಲೇ ಬನ್ನಿ. ನಾವೆಲ್ಲ ಮುಂದಿನ ಬಾಗಿಲಲ್ಲಿ ಹತ್ತೀವಿ. ಗಾಡಿಗೆ ಹಿಂದೇನೂ ಒಂದು ಬಾಗ್ಲಿದೆ."

ಇವಳ ತಲೆಗೆ ಇದನ್ನು ಹಾಕಿದವರು ಯಾರು ಅಂತ ಕೇಳಬೇಕಾಗಿರಲಿಲ್ಲ. ಹಿಂದಿನಿಂದ ಹತ್ತಿದೆ. ಒಳಗೆ ಫಿಜಾ ಆಗಲೇ ಕೂತಿದ್ದಳು. ಭದ್ರಮ್ಮ ಮುಂದಿನಿಂದ ಹತ್ತಿ ನಡೆದು ಬಂದು ನಮ್ಮಿಬ್ಬರ ನಡುವೆಯೇ ಕೂತಳು. ಸೀಟು ಸಾಲಲಿಲ್ಲ. ನಾನು ಕಿಟಕಿಗೆ ಒತ್ತಿಕೊಂಡೆ. ಗಾಡಿ ಮೂಲೆ ಜಾಗ ದಾಟುವಾಗ ಭದ್ರಮ್ಮನ ಬೆನ್ನ ಹಿಂದಿನಿಂದ ಟೇಪಿನ ತುದಿ ನನ್ನ ಕೈಗೆ ಬಂತು. ಹಿಡಿದುಕೊಂಡೆ.