ಒಗೆಯುವ ಕಲ್ಲಿನ ಮೇಲೆ ಇಟ್ಟ ಮೊಟ್ಟೆಗಳು

ಹೋದ ವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಯಾರದೋ ಮೊಟ್ಟೆ ಬಂದಿತ್ತು. ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಹಾಲು, ತರಕಾರಿ ಫೋನಿನಲ್ಲೇ ತರಿಸುವವರು. ನಾಲ್ಕನೇ ಮಹಡಿಯದು ಮೂರಕ್ಕೆ, ಮೂರರದು ಐದಕ್ಕೆ ಹೋಗುವುದು ಮಾಮೂಲು. ರಟ್ಟಿನ ಡಬ್ಬಿ ತೆರೆದು ನೋಡಿದೆ. ಆರು ನಾಟಿ ಮೊಟ್ಟೆ. ಒಂದಕ್ಕೆ ಕಂದು ಬಣ್ಣದ ಸಣ್ಣ ಪುಕ್ಕ ಅಂಟಿಕೊಂಡಿತ್ತು. ಮೂಗಿನ ಹತ್ತಿರ ತಂದರೆ ತೌಡು, ಬೂದಿ, ಒಣಹುಲ್ಲು, ಜೊತೆಗೆ ಕೋಳಿ ಮೈಯ ಬಿಸಿ ವಾಸನೆ... ಐವತ್ತೈದು ದಾಟಿದ ಹೆಂಗಸು ಬಾಗಿಲಲ್ಲಿ ನಿಂತು ಮೊಟ್ಟೆ ಮೂಸುವುದನ್ನು ಎದುರು ಮನೆಯವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ! ನಾವು ಮೊಟ್ಟೆ ತಿನ್ನುವವರಲ್ಲ. ಆದರೂ ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಹನ್ನೆರಡು ವರ್ಷಗಳ ಹಿಂದೆ ನಾವು, ಅತ್ತೆ ಮತ್ತು ಚಿಕ್ಕ ಮಗಳ ಜೊತೆ, ಜೀವನ್ ಬಿಮಾ ನಗರದಲ್ಲಿದ್ದೆವು. ನೆಲದ ಮನೆ, ಹಿಂದೆ ಒಂದಿಷ್ಟು ಮಣ್ಣು. ಅದರಲ್ಲಿ ದಾಸವಾಳ, ನುಗ್ಗೆ, ಒಂದು ದಾಳಿಂಬೆ. ಸೊಂಟದೆತ್ತರದ ಗೋಡೆಯಾಚೆ ಪಕ್ಕದ ಮನೆಯಾಕೆಯ ಹಿತ್ತಿಲು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಬ್ಬಳೇ ಮಗಳನ್ನು ಫ್ರೇಜರ್ ಟೌನಿಗೆ ಕೊಟ್ಟಿದ್ದರು. ನಾನು ಮೊದಲ ದಿನ ಆಂಟಿ ಅಂದದ್ದಕ್ಕೆ ಮುಖ ಸೊಟ್ಟ ಮಾಡಿ, "ಆಂಟಿ ಅಂದ್ರೆ ಯಾರ್ಗೋ ಕರ್ದಂಗಿರುತ್ತೆ, ಖಾಲಾ ಅನ್ನು" ಅಂದಿದ್ದರು. ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ; ಅಂದಿನಿಂದ ಅವರು ನಮಗೆಲ್ಲ ಖಾಲಾ.

ಖಾಲಾ ಕೋಳಿ ಸಾಕಿದ್ದರು. ಐದು ಹೇಂಟೆ, ಒಂದು ಹುಂಜ. ಎಲ್ಲವೂ ಬೋಳು ಕತ್ತಿನವು, ನೋಡಿದರೆ ನಗು ಬರುವ ಜಾತಿ. ಮದುವೆಯಾಗಿ ಬರುವಾಗ ಅವರ ತಾಯಿ ಕೊಟ್ಟ ಒಂದು ಹೇಂಟೆಯ ಮಕ್ಕಳು ಮರಿಮಕ್ಕಳಂತೆ ಅವೆಲ್ಲ. "ಒಡವೆ ಎಲ್ಲಾ ಹೋಯ್ತು ಬೇಟಾ, ಕೋಳಿ ಮಾತ್ರ ಉಳೀತು" ಎಂದು ಹೇಳಿಕೊಂಡು ನಗುತ್ತಿದ್ದರು. ಜೊತೆಗೊಂದು ಹಳದಿ ಬೆಕ್ಕು. ಎಷ್ಟೋ ವರ್ಷದಿಂದ ಆ ಕೋಳಿಗಳ ನಡುವೆಯೇ ಮಲಗಿ ಏಳುತ್ತಿದ್ದ ಪ್ರಾಣಿ. ಮರಿಗಳು ಅದರ ಹೊಟ್ಟೆಯ ಮೇಲೆ ಹತ್ತಿ ಇಳಿದರೂ ಕಣ್ಣು ಬಿಡುತ್ತಿರಲಿಲ್ಲ.

ನಾವು ಮನೆಗೆ ಬಂದ ವಾರವೇ ಖಾಲಾ ಗೋಡೆಯ ಹತ್ತಿರ ಬಂದು ಎರಡು ಬೆಚ್ಚಗಿನ ಮೊಟ್ಟೆ ಮುಂದೆ ಹಿಡಿದರು. ಕೈ ಪೂರ್ತಿ ಚಾಚಿರಲಿಲ್ಲ. ಬೇಡ ಅಂದರೆ ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಲು ತಯಾರಾಗಿದ್ದ ಕೈ ಅದು. ಆ ಬೀದಿಯಲ್ಲಿ ಎಷ್ಟು ಜನ ಬೇಡ ಅಂದಿದ್ದರು ಎಂಬುದು ಆ ಕೈಯನ್ನು ನೋಡಿದರೇ ತಿಳಿಯುತ್ತಿತ್ತು. ನಾವು ತಿನ್ನೋದಿಲ್ಲ ಖಾಲಾ, ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವರೇನು ಅಷ್ಟಕ್ಕೆ ಬೇಸರ ಮಾಡಿಕೊಳ್ಳುವವರಲ್ಲ. ಆದರೆ ನನಗೆ ಒಳ್ಳೆಯವಳಾಗುವ ಚಪಲ. ನಾನು ಆ ಬೇರೆಯವರ ಹಾಗಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಖಾಲಾನ ಮುಖ ಅರಳಿತು. "ಮಗೂಗೆ ಕೊಡು, ನೀನೂ ತಿನ್ನು, ತೆಳ್ಳಗಾಗ್ಬಿಟ್ಟಿದ್ದೀಯ" ಅಂದರು. ಅಂದು ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು.

ಹೆಮ್ಮೆ ಅಡುಗೆಮನೆಯ ಹೊಸ್ತಿಲವರೆಗೆ ಮಾತ್ರ ಬಂತು. ಅಲ್ಲಿ ನಮ್ಮತ್ತೆ ನಿಂತಿದ್ದರು. ಅವತ್ತು ಶುಕ್ರವಾರ ಬೇರೆ. "ಅದನ್ನ ಒಳಗೆ ತಂದ್ಯೋ, ನಾನು ಇವತ್ತೇ ಮಗಳ ಮನೆಗೆ ಹೊರಟೆ" ಅಂದರು. ಸರಿ, ಗೋಡೆಯಾಚೆಗೆ ಕಾಣದ ಹಾಗೆ ಹಿತ್ತಿಲ ಮೂಲೆಯ ಒಗೆಯುವ ಕಲ್ಲಿನ ಮೇಲೆ ಇಟ್ಟು ಬಂದೆ, ಆಮೇಲೆ ಯಾರಿಗಾದರೂ ಕೊಟ್ಟರಾಯಿತು ಎಂದು. ಹತ್ತು ನಿಮಿಷ ಬಿಟ್ಟು ನೋಡುತ್ತೇನೆ, ಕಲ್ಲಿನ ಮೇಲೆ ಒಂದು ಮುಂಗುಸಿ! ಹಿಂಗಾಲಿನ ಮೇಲೆ ಕುಳಿತು, ಮೊಟ್ಟೆಯನ್ನು ಮುಂಗಾಲುಗಳಲ್ಲಿ ಹಿಡಿದು, ಚೂಪು ತುದಿಯಲ್ಲಿ ಒಂದೇ ಒಂದು ತೂತು ಕೊರೆದು ಒಳಗಿನದನ್ನು ನೆಕ್ಕುತ್ತಿತ್ತು. ಎಷ್ಟು ಅಚ್ಚುಕಟ್ಟು ಅಂದರೆ ಚಿಪ್ಪು ಹಾಗೇ ಇಡಿಯಾಗಿ ಉಳಿದಿತ್ತು. ಅತ್ತೆಯನ್ನು ಕೂಗಿ ಕರೆದೆ. ಅವರು ಓಡಿಬಂದು ಕೈಮುಗಿದರು. ಶುಕ್ರವಾರ ಮುಂಗುಸಿ ದರ್ಶನವಾದರೆ ಕೇಳಬೇಕೆ?

ಹೀಗೆ ಶುರುವಾಯಿತು. ಖಾಲಾ ಮಂಗಳವಾರ, ಶುಕ್ರವಾರ ತಪ್ಪದೆ ಎರಡು ಮೊಟ್ಟೆ ಕೊಡುವುದು, ನಾನು ಎರಡು ಕೈಯಲ್ಲಿ ತೆಗೆದುಕೊಳ್ಳುವುದು, ಅದು ಕಲ್ಲಿನ ಮೇಲೆ ಹೋಗುವುದು, ಮುಂಗುಸಿ ಬರುವುದು. ನಾನು ಕಾಫಿ ಹಿಡಿದು ಕಿಟಕಿಯಲ್ಲಿ ನಿಂತು ಫೋಟೋ ತೆಗೆಯುವುದು. ಕಾಲೋನಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಮುಂಗುಸಿಗೆ ಬಂದ ಹೊಗಳಿಕೆ ಅಷ್ಟಿಷ್ಟಲ್ಲ. ಆ ಗುಂಪಿನಲ್ಲಿ ಖಾಲಾ ಇರಲಿಲ್ಲ. ಅವರ ಫೋನು ಬರೀ ಮಾತಾಡುವ ಫೋನು.

ಅಷ್ಟರಲ್ಲಿ ನಾನು ಬೀದಿಗೆಲ್ಲ ಪ್ರಾಣಿಪಕ್ಷಿ ಪಂಡಿತೆಯಾಗಿಬಿಟ್ಟಿದ್ದೆ. ಯುಗಾದಿಯ ಆಸುಪಾಸಿನಲ್ಲಿ ನಮ್ಮ ಹಿತ್ತಿಲು ನೋಡುವ ಹಾಗಿರುತ್ತಿತ್ತು. ರಸ್ತೆಯ ಹೊಂಗೆಮರ ಹೂ ಸುರಿಸಿ ಕಾಂಪೌಂಡೆಲ್ಲ ತಿಳಿನೇರಳೆ. ಬಟ್ಟೆ ಒಣಗಿಸುವ ತಂತಿಗೆ ಸೂರಕ್ಕಿಯೊಂದು ನಾರು, ಜೇಡರಬಲೆ, ಕಾಗದದ ಚೂರು ಎಲ್ಲ ಸೇರಿಸಿ ಗೂಡು ನೇತುಹಾಕಿತ್ತು; ಅದರ ಸಲುವಾಗಿ ಒಂದೂವರೆ ತಿಂಗಳು ನಾನು ಆ ತಂತಿಗೆ ಬಟ್ಟೆ ಹಾಕಲಿಲ್ಲ. ಗೋಡೆಯ ಮೇಲೆ ಓತಿಕ್ಯಾತ ಕೆಂಪು ಕತ್ತು ಮಾಡಿಕೊಂಡು ದಂಡ ಹೊಡೆಯುತ್ತಿತ್ತು. ಖಾಲಾಗೂ ಇವೆಲ್ಲ ಇಷ್ಟ. "ಇದೇನು ಬೇಟಾ, ಇದ್ರ ಹೆಸ್ರೇನು" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ನಾನು ಹೇಳಿದ್ದನ್ನೆಲ್ಲ ಅವರು ನಂಬುತ್ತಿದ್ದರು.

ಮೂರನೆಯ ವರ್ಷ ಬೇಸಿಗೆ ಕಾಲಿಡುವಾಗ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಒಂದೇ ವಾರದಲ್ಲಿ ಹುಂಜ ಹೋಯಿತು, ನಾಲ್ಕು ಹೇಂಟೆ ಹೋದವು. ಉಳಿದದ್ದು ಒಂದು ಮುದಿ ಹೇಂಟೆ. ಅದೃಷ್ಟಕ್ಕೆ ಅದು ಕಾವಿಗೆ ಕೂರುವ ಲಕ್ಷಣ ತೋರಿಸುತ್ತಿತ್ತು. ರೋಗಕ್ಕೆ ಮುಂಚೆ ಇಟ್ಟ ಮೊಟ್ಟೆಗಳಲ್ಲಿ ಹದಿಮೂರನ್ನು ಖಾಲಾ ತಂಪಾಗಿರಲೆಂದು ರಾಗಿ ಡಬ್ಬದಲ್ಲಿ ಹುದುಗಿಸಿಟ್ಟಿದ್ದರು. ಹುಂಜವೇ ಇಲ್ಲದ ಮೇಲೆ ಇನ್ನು ಇಡುವ ಮೊಟ್ಟೆಯಿಂದ ಮರಿಯಾಗುವುದಿಲ್ಲವಲ್ಲ. ತಾಯಿಯ ಕೋಳಿ ಮುಂದುವರಿಯಬೇಕಾದರೆ ಆ ಹದಿಮೂರರಿಂದಲೇ ಮುಂದುವರಿಯಬೇಕಿತ್ತು.

ಅಂಥ ಹೊತ್ತಿನಲ್ಲೂ ಶುಕ್ರವಾರ ಬಂದದ್ದೇ ಖಾಲಾ ಗೋಡೆಯ ಹತ್ತಿರ ಬಂದು ಎರಡು ಮೊಟ್ಟೆ ಕೊಟ್ಟರು. "ಬೇಡ ಖಾಲಾ, ಈ ಸಲ ಕಾವಿಗೆ ಇಡಿ" ಅಂದೆ. ಅಷ್ಟಾದರೂ ಅಂದೆ. "ಹನ್ನೊಂದ್ ಸಾಕು. ಬೆಸ ಇರ್ಬೇಕು ಅಷ್ಟೇ. ಮಗು ಕಾಯ್ತಾ ಇರುತ್ತೆ" ಅಂದರು. ತೆಗೆದುಕೊಂಡೆ. ಆ ಎರಡೂ ಕಲ್ಲಿನ ಮೇಲೆ ಹೋದವು.

ಹನ್ನೊಂದು ಮೊಟ್ಟೆಯನ್ನು ಬಿದಿರು ಬುಟ್ಟಿಯಲ್ಲಿ ಬೂದಿ, ಹುಲ್ಲು ಹಾಸಿ ಇಟ್ಟರು. ಬೇಸಿಗೆ ಮಳೆಯ ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆಯನ್ನೂ ಪಕ್ಕದಲ್ಲಿಟ್ಟರು. ಏಳನೆಯ ದಿನ ನನ್ನನ್ನು ಕರೆದು, ಕತ್ತಲ ಸ್ಟೋರ್ ರೂಮಿನಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ತೋರಿಸಿದರು. ಒಳಗೆ ಕೆಂಪು ದಾರದಂಥ ನರಗಳು, ನಡುವೆ ಕಪ್ಪು ಚುಕ್ಕೆ. ಚುಕ್ಕೆ ಅಲುಗಾಡಿತು. "ನೋಡ್ದ್ಯಾ? ಜೀವ" ಎಂದು ಪಿಸುಗುಟ್ಟಿದರು. ಅದನ್ನು ನನ್ನ ಅಂಗೈಯಲ್ಲೂ ಇಟ್ಟರು. ಹನ್ನೊಂದರಲ್ಲಿ ಒಂಬತ್ತು ಜೀವ ಕಟ್ಟಿದ್ದವು.

ಇತ್ತ ನಮ್ಮ ಹಿತ್ತಿಲಲ್ಲಿ ಮುಂಗುಸಿ ದಿನವೂ ಕಲ್ಲು ಹತ್ತಿ, ಮೂಸಿ, ಕಿಟಕಿಯ ಕಡೆಗೆ ನೋಡುತ್ತಿತ್ತು. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಪಾಪ, ಕಾಯುತ್ತಿದೆ ಎಂದು ಅದರ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮೊಟ್ಟೆಯ ರುಚಿ ಹತ್ತಿಸಿಕೊಂಡ ಪ್ರಾಣಿ ಎಲ್ಲಿಗೆ ಹೋಗುತ್ತದೆ ಎಂದು ಪಂಡಿತೆಗೆ ಹೊಳೆಯಲೇ ಇಲ್ಲ.

ಹತ್ತನೆಯ ದಿನ ಮಧ್ಯಾಹ್ನ, ಹೇಂಟೆ ಕಾಳು ತಿನ್ನಲು ಬುಟ್ಟಿಯಿಂದ ಇಳಿದಿತ್ತು. ಖಾಲಾ ನಮಾಜಿಗೆ ಒಳಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಯ ಹತ್ತಿರ ನನ್ನನ್ನು ಕೂಗಿದರು. ದುಪಟ್ಟಾದ ಸೆರಗಿನಲ್ಲಿ ನಾಲ್ಕೈದು ಚಿಪ್ಪು. ಉಳಿದವು ಬುಟ್ಟಿಯಲ್ಲೇ ಇರಲಿಲ್ಲವಂತೆ. ಒಂದು ಚಿಪ್ಪನ್ನು ನನ್ನ ಕೈಗೆ ಕೊಟ್ಟರು.

"ನೋಡ್ ಬೇಟಾ, ಇದ್ಯಾರ್ ಮಾಡಿರ್ಬೋದು? ನೀನು ದಿನಾ ಇವನ್ನೆಲ್ಲಾ ನೋಡ್ತಿರ್ತೀಯ, ನಿಂಗೊತ್ತಾಗುತ್ತೆ."

ಚೂಪು ತುದಿಯಲ್ಲಿ ಒಂದು ತೂತು. ಚಿಪ್ಪು ಇಡಿಯಾಗಿಯೇ ಇತ್ತು... ಎರಡು ವರ್ಷ ಕಾಫಿ ಹೀರುತ್ತಾ ನೋಡಿದ್ದ ಕೆಲಸ.

"ಮುಂಗುಸಿ ಇರ್ಬೋದಾ? ನಿಮ್ ಕಡೆ ಓಡಾಡ್ತಿರುತ್ತಲ್ಲ" ಎಂದು ಅವರೇ ಕೇಳಿದರು.

ಹೌದು ಅಂದರೆ, ಅದು ನಮ್ಮ ಕಡೆ ಯಾಕೆ ಓಡಾಡುತ್ತದೆ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆಯ ಹಿಂದೆ ಒಗೆಯುವ ಕಲ್ಲು, ಕಲ್ಲಿನ ಹಿಂದೆ ಎರಡು ವರ್ಷದ ಮೊಟ್ಟೆಗಳು. "ಇಲ್ಲ ಖಾಲಾ" ಅಂದೆ. "ಮುಂಗುಸಿ ಹಾವು, ಇಲಿ ತಿನ್ನೋದು. ಇದು ಬೆಕ್ಕಿನ ಕೆಲ್ಸ ಇರ್ಬೇಕು."

ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನನ್ನ ಮಗಳಿಗೆ ನಾನೇ ಹೇಳಿಕೊಟ್ಟದ್ದು. ಖಾಲಾ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಅನುಮಾನದಿಂದಲ್ಲ. ನಂಬಲು ಕಷ್ಟಪಡುತ್ತಿದ್ದರು, ನಂಬಬೇಕೆಂದೇ ಕಷ್ಟಪಡುತ್ತಿದ್ದರು. ಯಾಕೆಂದರೆ ಹೇಳಿದವಳು ನಾನು. ಕೊನೆಗೆ, "ಎಂಟ್ ವರ್ಷ ಸಾಕಿದ್ದು... ನನಗೇ ಹಿಂಗ್ ಮಾಡ್ತಾ" ಅಂದರು.

ಮಾರನೆಯ ದಿನ ಆಟೋ ಬಂತು. ಹಳದಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಶಿವಾಜಿನಗರದ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬರಲು ಕಳಿಸಿದರು. ಅಲ್ಲಾದರೆ ಹಸಿವಿನಿಂದ ಸಾಯುವುದಿಲ್ಲ ಎಂಬ ಲೆಕ್ಕ ಅವರದು. ಚೀಲ ಕೂಗಾಡಲಿಲ್ಲ, ಆ ಬೆಕ್ಕಿಗೆ ಖಾಲಾನ ಕೈ ಮೇಲೆ ಅಷ್ಟು ನಂಬಿಕೆ. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಆಗಲೂ ಸಮಯವಿತ್ತು. ಆಟೋ ತಿರುವು ದಾಟುವವರೆಗೂ ಇತ್ತು. ಒಳಗೆ ಬಂದರೆ ನಮ್ಮತ್ತೆ ಜಪಮಣಿ ಹಿಡಿದು ಸುಮ್ಮನೆ ಕೂತಿದ್ದರು. "ಮಡಿ ಉಳಿಸ್ಕೊಂಡ್ವಿ, ಪಾಪ ಕಟ್ಕೊಂಡ್ವಿ ಕಣೇ" ಅಂದರು.

ಹೇಂಟೆ ಖಾಲಿ ಬುಟ್ಟಿಯಲ್ಲೇ ಒಂದು ವಾರ ಕಾವು ಕೂತಿತ್ತು. ಕಾವು ಬಿಡಿಸಲು ಖಾಲಾ ಅದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮುಳುಗಿಸಿ ಎತ್ತುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು, ಕೆಲಸ ನಿಲ್ಲಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಅದೂ ಸತ್ತಿತು. ಖಾಲಾ ಮತ್ತೆ ಕೋಳಿ ತರಲಿಲ್ಲ. ಯಾರೋ ಕೃಷ್ಣರಾಜಪುರದ ಸಂತೆಯಿಂದ ಮರಿ ತಂದುಕೊಡುತ್ತೇನೆ ಅಂದರೆ, "ಅದು ಬೇರೆ ಕೋಳಿ" ಅಂದರಂತೆ.

ಆದರೆ ಒಂದು ಶುಕ್ರವಾರ ಮತ್ತೆ ಗೋಡೆಯ ಹತ್ತಿರ ನಿಂತಿದ್ದರು. ಕೈಯಲ್ಲಿ ಅಂಗಡಿಯ ಎರಡು ಬಿಳಿ ಮೊಟ್ಟೆ. "ನಮ್ದಲ್ಲ ಬೇಟಾ, ತಪ್ಪು ತಿಳ್ಕೋಬೇಡ. ಮಗೂಗೆ ಅಭ್ಯಾಸ ಆಗಿರುತ್ತಲ್ಲ" ಅಂದರು. ಅವರಿಗೆ ನಾಚಿಕೆಯಾಗುತ್ತಿತ್ತು. ಅವರಿಗೆ! ನಾನು ಎರಡು ಕೈಯಲ್ಲಿ ತೆಗೆದುಕೊಂಡು ಬೀದಿ ಗುಡಿಸುವಾಕೆಗೆ ಕೊಟ್ಟೆ. ಮುಂದಿನ ವರ್ಷ ನಾವು ಮನೆ ಬದಲಾಯಿಸಿದೆವು. ಹೊರಡುವ ದಿನವೂ ಹೇಳಲಿಲ್ಲ. ಖಾಲಾ ತೀರಿಕೊಂಡ ಸುದ್ದಿ ಮೂರು ವರ್ಷದ ಹಿಂದೆ ಬಂತು. ಮಣ್ಣಿಗೆ ಹೋಗಲೂ ಮುಖವಿರಲಿಲ್ಲ.

ಹೋದ ವಾರದ ಆ ಡಬ್ಬಿಯನ್ನು ಐದನೇ ಮಹಡಿಗೆ ಮುಟ್ಟಿಸಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮೊನ್ನೆ ಭಾನುವಾರ ಫ್ರೇಜರ್ ಟೌನಿಗೆ ಹೋದೆ, ಅವರ ಮಗಳ ಮನೆಗೆ. ಹೇಳಿಬಿಡಬೇಕು ಎಂದೇ ಹೋದದ್ದು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆಕೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕೂರಿಸಿ, ತಟ್ಟೆಯಲ್ಲಿ ಅಂಡೇಕಿ ಮಿಠಾಯಿ ತಂದಿಟ್ಟಳು. ಮೊಟ್ಟೆ, ಖೋವಾ, ಬಾದಾಮಿ ಸೇರಿಸಿ ಬೇಯಿಸಿದ್ದು.

"ನಿಮಗೆ ಇದು ಆಗುತ್ತೆ ಅಂತ ಗೊತ್ತು, ಅದಕ್ಕೇ ಕೇಳ್ದೇನೆ ತಂದೆ ಅಕ್ಕಾ" ಅಂದಳು. "ಅಮ್ಮಿ ಕೊನೇವರೆಗೂ ಹೇಳ್ತಿದ್ರು. ಅಷ್ಟು ವರ್ಷ ಆ ಬೀದೀಲಿದ್ದೆ, ನಮ್ ಕೈಯಿಂದ ತಗೊಂಡು ತಿಂದಿದ್ದು ಆ ಒಂದ್ ಮನೆಯವ್ರೇ ಅಂತ."

ಹೇಳಿದರೆ ನನ್ನ ಎದೆ ಹಗುರವಾಗುತ್ತಿತ್ತು, ನಿಜ. ಆದರೆ ತಾಯಿ ಬಿಟ್ಟುಹೋದ ಒಂದು ಸಂತೋಷ ಆ ಮಗಳ ಕೈಯಿಂದ ಹೋಗುತ್ತಿತ್ತು. ಖಾಲಾಗೆ ಹೇಳಬಹುದಾಗಿದ್ದ ದಿನಗಳಲ್ಲಿ ಹೇಳದವಳಿಗೆ ಈಗ ಹೇಳಿ ಹಗುರಾಗುವ ಹಕ್ಕು ಎಲ್ಲಿಯದು? ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡೆ. ನನ್ನ ಜೀವಮಾನದ ಮೊದಲ ಮೊಟ್ಟೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಚೆನ್ನಾಗಿದೆ ಅಂದೆ. ಇನ್ನೊಂದು ಹಾಕಿದಳು, ಅದನ್ನೂ ತಿಂದೆ.

ಖಾಲಾ ಇಲ್ಲ. ಆ ಮನೆಯಲ್ಲಿ ನಾನು ಇಂದಿಗೂ ಒಳ್ಳೆಯ ನೆರೆಯವಳು.